ನೀರಿಲ್ಲದ ದೋಣಿಯ ಕಾಲುಪಟ್ಟಿ

ಆ ಶುಕ್ರವಾರ ಬೆಳಿಗ್ಗೆ ಗಲ್ಫಿನ ಅಲ್ ವಕ್ರಾ ಊರಿನ ನಮ್ಮ ಕಟ್ಟಡದ ನೆಲ ಅಂತಸ್ತಿನ ಜಿಮ್ಮಿನಲ್ಲಿ ನಾವು ಐದು ಜನ ಇದ್ದೆವು. ಬಾಗಿಲ ಬಳಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದವನು ನಮ್ಮ ಕೆಳಗಿನ ಮನೆಯ ವಿಲ್ಫ್ರೆಡ್, ಬ್ರಹ್ಮಾವರದ ಕಡೆಯವನು, ಮುಶೈರಿಬ್‌ನ ಒಂದು ಕಚೇರಿಯಲ್ಲಿ ಲೆಕ್ಕ ನೋಡುವವನು. ಪಕ್ಕದಲ್ಲಿ ಅವನ ಹೆಂಡತಿ ಫಿಲೋಮಿನಾ ಬಾಯಿ. ಅವರು ಫಿಸಿಯೋಥೆರಪಿಸ್ಟ್, ವಾರವಿಡೀ ನೋವಿನವರ ನಡಿಗೆ ನೋಡಿ ನೋಡಿ, ರಜೆಯ ದಿನವೂ ಎದುರು ಬಂದವರ ಮುಖಕ್ಕಿಂತ ಮೊದಲು ಮಂಡಿ ನೋಡುವವರು. ಕನ್ನಡಿಯ ಎದುರು ತನ್ನ ತೋಳನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದವನು ಉಳ್ಳಾಲದ ಹನೀಫ್. ಚಾಪೆಯ ಮೇಲೆ ಕಾಲು ನೀಡಿಕೊಂಡಿದ್ದವಳು ನನ್ನ ಹೆಂಡತಿ ಜಯಂತಿ. ಐದನೆಯವನಾದ ನಾನು ರೋಯಿಂಗ್ ಮೆಷಿನ್ನಿನ ಮೇಲೆ ಕೂತಿದ್ದೆ. ಕೂತಿದ್ದೆ ಎಂಬ ಮಾತು ಅರ್ಧ ನಿಮಿಷದ ಮಟ್ಟಿಗೆ ಸತ್ಯ. ಆಮೇಲೆ ಮಲಗಿದ್ದೆ.

ಆ ಯಂತ್ರವನ್ನು ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಉದ್ದಕ್ಕೆ ಒಂದು ಹಳಿ, ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಪುಟ್ಟ ಸೀಟು, ಎದುರಿಗೆ ಗಾಳಿಯ ಚಕ್ರ, ಚಕ್ರದಿಂದ ಬಂದ ಸರಪಳಿಯ ತುದಿಗೊಂದು ಹಿಡಿ. ಪಾದ ಊರಲು ಎರಡು ಹಲಗೆ, ಹಲಗೆಗೆ ಒಂದೊಂದು ಪಟ್ಟಿ. ಹಿಡಿಯನ್ನು ಎಳೆದರೆ ಚಕ್ರ ಬುಸುಗುಟ್ಟುತ್ತದೆ. ಎದುರಿನ ಪರದೆ ನೀವು ಇಷ್ಟು ಮೀಟರ್ ದೂರ ಬಂದಿರಿ ಎಂದು ಬಹಳ ಗಂಭೀರವಾಗಿ ತಿಳಿಸುತ್ತದೆ. ನೀವು ಎಲ್ಲಿಗೂ ಹೋಗಿರುವುದಿಲ್ಲ. ನೀರಿಲ್ಲ, ದಡವಿಲ್ಲ, ಹತ್ತಿಸಿಕೊಳ್ಳಲು ಜನರೂ ಇಲ್ಲ. ಇಂಥದ್ದನ್ನು ದೋಣಿಯ ಬದಲಿಗೆ ಯಾರೋ ತಯಾರಿಸಿದ್ದಾರೆ ಎಂಬುದನ್ನು ಮೊದಲ ಸಲ ಕೇಳಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು.

ಅವಮಾನವಾಗಲು ಕಾರಣ ಉಂಟು. ನಮ್ಮದು ಕಡವಿನವರ ಮನೆ. ಸೇತುವೆ ಬರುವುದಕ್ಕೆ ಮೊದಲು ನಮ್ಮ ಊರಿನ ಹೊಳೆ ದಾಟಬೇಕಾದವರು ದಡದಲ್ಲಿ ನಿಂತು ಕೂಗು ಹಾಕಬೇಕಿತ್ತು, ನನ್ನ ಅಜ್ಜ ದೋಣಿ ತರಬೇಕಿತ್ತು. ಮದುಮಗಳು, ಶಾಲೆಯ ಮಾಸ್ತರರು, ಮಾರಾಟಕ್ಕೆ ಹೊರಟ ಕೋಳಿ, ಎಲ್ಲರೂ ಅಜ್ಜನ ದೋಣಿಯಲ್ಲಿ ಮಿಸುಕದೆ ಕೂರಬೇಕು. ಮಿಸುಕಿದವರು ಊರಿನ ಗುರಿಕಾರರೇ ಆಗಿದ್ದರೂ ಬೈಗುಳ ಒಂದೇ. ಹೊಳೆಯ ನಡುವೆ ಇರುವಷ್ಟು ಹೊತ್ತು ಅಜ್ಜನೇ ಸರಕಾರ. ನಾನು ಮಾತು ಕಲಿತದ್ದು ಆ ಅಜ್ಜನಿಂದ, ಮತ್ತೆ ದಡದಲ್ಲಿ ಕೂತು ಅವರ ಮಾತಿಗೆ ಮಾತು ಸೇರಿಸುತ್ತಿದ್ದ ಅಜ್ಜಿಯಿಂದ. ಭರತ, ಇಳಿತ, ಅಳಿವೆ, ಹುಟ್ಟು, ಜಲ್ಲೆ ಎಂಬವೆಲ್ಲ ನನಗೆ ಅಕ್ಷರಮಾಲೆಗಿಂತ ಮೊದಲು ಬಂದ ಶಬ್ದಗಳು. ಹುಟ್ಟು ಹಾಕುವುದು ಬಂದಿತೇ ಎಂದು ಕೇಳಬೇಡಿ. ಸೇತುವೆ ನನ್ನ ಬಾಲ್ಯದಲ್ಲೇ ಬಂತು. ನನಗೆ ಉಳಿದದ್ದು ಶಬ್ದಗಳು ಮಾತ್ರ. ಶಬ್ದ ಗೊತ್ತಿದ್ದವನಿಗೆ ವಿದ್ಯೆಯೂ ಗೊತ್ತಿದೆ ಎಂಬ ಭ್ರಮೆ ಎಷ್ಟು ಬೇಗ ಹುಟ್ಟುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಅಜ್ಜನ ದೋಣಿಗೆ ಕೆಲವು ಕಟ್ಟಳೆಗಳಿದ್ದವು. ಅದರಲ್ಲಿ ಮೊದಲನೆಯದು: ದೋಣಿಯಲ್ಲಿ ಕಾಲಿಗೆ ಏನೂ ಸುತ್ತಿಕೊಂಡಿರಬಾರದು. ಹಗ್ಗದ ಸುರುಳಿಯ ಹತ್ತಿರ ಪಾದ ಹೋದರೂ ಹುಟ್ಟಿನ ಹಿಡಿಯಿಂದ ಕುಟ್ಟುತ್ತಿದ್ದರು. ದೋಣಿ ಮಗುಚಿದರೆ ಬದುಕಿಸುವುದು ಕಾಲು, ಅದು ಸ್ವತಂತ್ರವಾಗಿರಬೇಕು ಎಂಬ ಲೆಕ್ಕ. ನಮ್ಮ ಮನೆಯಲ್ಲಿ ಇದು ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಕಾರಿನ ಸೀಟ್ ಬೆಲ್ಟ್ ಹಾಕುವಾಗ ಕೂಡ ನನಗೆ ಒಳಗೊಳಗೇ ಇರಿಸುಮುರಿಸು.

ಹಾಗಾಗಿ ಆ ಶುಕ್ರವಾರ ಫಿಲೋಮಿನಾ ಬಾಯಿ, “ಭಾಸ್ಕರಣ್ಣ, ಮೊದಲು ಕಾಲಿಗೆ ಪಟ್ಟಿ ಹಾಕಿ” ಎಂದಾಗ ನಾನು ನಕ್ಕೆ.

“ಬೇಡ ಬಾಯಿ. ಕಡವಿನವರು ದೋಣಿಗೆ ಕಾಲು ಕಟ್ಟುದಿಲ್ಲ.”

“ಅಣ್ಣಾ, ಇದು ಮುಳುಗುದಿಲ್ಲ ಮಾರಾಯ್ರೇ. ಕೆಳಗೆ ಟೈಲ್ಸ್ ಉಂಟು” ಎಂದ ಹನೀಫ್.

ನಾನು ಅವನ ಕಡೆ ನೋಡಲೂ ಇಲ್ಲ. ಚಕ್ರದ ಪಕ್ಕದಲ್ಲಿ ಭಾರ ಹೆಚ್ಚು ಕಡಿಮೆ ಮಾಡುವ ಒಂದು ಸನ್ನೆಕೋಲು ಇತ್ತು. ಅದನ್ನು ತುತ್ತತುದಿಗೆ ಏರಿಸಿದೆ. ಹೊಳೆ ಕಡಲಿಗೆ ಸೇರುವ ಅಳಿವೆಯ ನೀರಿನಲ್ಲಿ ದೋಣಿ ನಡೆಸಿದವರ ಮೊಮ್ಮಗ ಕೊಳದ ನೀರಿನಲ್ಲಿ ಆಡುವುದುಂಟೇ? ಹಿಡಿ ಹಿಡಿದೆ, ಬೆನ್ನು ಬಗ್ಗಿಸಿದೆ, ಇದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ಎಳೆದೆ. ಎರಡು ಎಳೆತ ಚೆನ್ನಾಗಿಯೇ ಹೋಯಿತು. ಮೂರನೆಯದಕ್ಕೆ ಪಾದಗಳೆರಡೂ ಹಲಗೆ ಬಿಟ್ಟು ಮೇಲೆದ್ದವು, ಸೀಟು ತನ್ನ ಪಾಡಿಗೆ ಮುಂದೆ ಹೋಯಿತು, ನಾನು ನನ್ನ ಪಾಡಿಗೆ ಹಿಂದೆ ಹೋದೆ. ಕೈ ಬಿಟ್ಟ ಹಿಡಿ ಠಣ್ಣೆಂದು ಚಕ್ರದ ಗೂಡಿಗೆ ಬಡಿಯಿತು. ಬೀಳುವುದನ್ನು ತಪ್ಪಿಸಲು ಒಂದು ಮಗ್ಗುಲಿಗೆ ತಿರುಚಿಕೊಂಡೆನಲ್ಲ, ಸೊಂಟದ ಮೇಲೆ ಏನೋ ಹಿಡಿದುಕೊಂಡಿತು. ಸೂರಿನ ದೀಪ ನೋಡುತ್ತಾ ಮಲಗಿದ್ದವನಿಗೆ ವಿಲ್ಫ್ರೆಡ್‌ನ ದನಿ ಕೇಳಿಸಿತು.

“ಭಾಸ್ಕರ, ಏಳಬೇಡ ಮಾರಾಯ. ಕೂಗು ಹಾಕಿದ್ದೇವೆ, ದೋಣಿ ಬರ್ತದೆ.”

ಆ ಯಂತ್ರ ತಾನಾಗಿ ಯಾರಿಗೂ ಕೇಡು ಮಾಡುವುದಿಲ್ಲ. ಕೇಡು ಮಾಡುವುದು ಅದರ ಮೇಲೆ ಕೂತವರ ವಂಶಾವಳಿ.

ಇಷ್ಟಕ್ಕೂ ನಾನು ಅಲ್ಲಿ ಕೂತದ್ದೇಕೆ? ಫೆಬ್ರವರಿ ತಿಂಗಳಿನ ಒಂದು ಮಂಗಳವಾರ ಈ ದೇಶದಲ್ಲಿ ಕ್ರೀಡಾ ದಿನದ ರಜೆ. ಅಂದು ದೊಡ್ಡವರು ಸಣ್ಣವರು ಎನ್ನದೆ ಎಲ್ಲರೂ ಬೂಟು ಹಾಕಿ ಹೊರಗೆ ಬರುತ್ತಾರೆ. ನಮ್ಮ ಕಟ್ಟಡಕ್ಕೂ ಎದುರಿನ ಕಟ್ಟಡಕ್ಕೂ ವರ್ಷಕ್ಕೊಂದು ಸ್ನೇಹದ ಪಂದ್ಯ ನಡೆಯುತ್ತದೆ. ಎದುರಿನವರಲ್ಲಿ ಹೆಚ್ಚಿನವರು ಕೇರಳದವರು. ಅವರ ಮುಂದಾಳು ಶಾಜಿ ಹಗ್ಗಜಗ್ಗಾಟದಲ್ಲಿ ಎರಡು ವರ್ಷ ನಮ್ಮನ್ನು ಅಂಗಳದ ತುಂಬ ಎಳೆದಾಡಿದವನು. ಈ ಸಲ ಎರಡು ರೋಯಿಂಗ್ ಮೆಷಿನ್ ಅಕ್ಕಪಕ್ಕ ಇಟ್ಟು ಮೂವರು ಮೂವರ ಸರದಿ ಪಂದ್ಯ ಎಂದು ತೀರ್ಮಾನವಾದಾಗ ನಾನು ಎಲ್ಲರೆದುರು ಎದ್ದು ನಿಂತು, “ದೋಣಿ ಎಂದಮೇಲೆ ಮುಗಿಯಿತು, ಆ ಬಹುಮಾನ ನಮ್ಮ ಮನೆಯ ಸೊತ್ತು” ಎಂದಿದ್ದೆ. ಶಾಜಿ ಗೌರವದಿಂದ ಕೈ ಮುಗಿದಿದ್ದ. ಈಗ ಪಂದ್ಯಕ್ಕೆ ಹತ್ತು ಹನ್ನೆರಡು ದಿನ ಇರುವಾಗ ನಮ್ಮ ಮನೆಯ ಸೊತ್ತು ಅಂಗಾತ ಮಲಗಿತ್ತು.

ಫಿಲೋಮಿನಾ ಬಾಯಿ ಒತ್ತಿ, ಮಗುಚಿ, ಕಾಲೆತ್ತಿಸಿ ನೋಡಿದರು. “ಮೂಳೆಗೆ ಏನಾಗಿಲ್ಲ. ಸ್ನಾಯು ಹಿಡಿದದ್ದು. ಆದ್ರೆ ಕೆಲವು ವಾರ ಈ ಮೆಷಿನ್ ಹತ್ತಿರ ಬರ್ಲಿಕ್ಕಿಲ್ಲ. ನಿಮ್ಮ ಪಂದ್ಯ ಖಲಾಸ್.”

“ಹಾಗಾದ್ರೆ ನಮ್ಮದೂ ಖಲಾಸ್. ಮೂರನೇ ಜನ ಎಲ್ಲಿಂದ ತರುದು?” ಎಂದ ವಿಲ್ಫ್ರೆಡ್.

ಆಗ ಚಾಪೆಯ ಮೇಲಿಂದ ಒಂದು ಸ್ವರ ಬಂತು. “ನಾನು ಕೂರ್ತೇನೆ.”

ಎಲ್ಲರೂ ತಿರುಗಿ ಜಯಂತಿಯನ್ನು ನೋಡಿದರು. ನಾನು ತಿರುಗುವ ಸ್ಥಿತಿಯಲ್ಲಿರಲಿಲ್ಲ. ಆದರೂ ಎದೆ ಧಸಕ್ಕೆಂದಿತು.

ಈ ಧಸಕ್ಕಿನ ಹಿನ್ನೆಲೆ ಹೀಗೆ. ಎರಡು ವರ್ಷದ ಹಿಂದೆ, ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಸ್ಟ್ಯಾಂಡಿನ ಮೇಲೆ ಮಗುಚಿಡಲು ಹೋಗಿ ಜಯಂತಿಯ ಬೆನ್ನಿನ ಡಿಸ್ಕ್ ಜಾರಿತ್ತು. ಗಲ್ಫಿನ ಮನೆಗಳಲ್ಲಿ ಆ ಕ್ಯಾನಿನಷ್ಟು ಜನರ ಸೊಂಟ ಮುರಿದ ವಸ್ತು ಬೇರೊಂದಿರಲಾರದು. ಆಮೇಲಿನ ತಿಂಗಳುಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ವೆಸ್ಟ್ ಬೇಯಲ್ಲಿ ಅವಳ ಕೆಲಸ. ಮೆಟ್ರೋದಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದಳು. ಕೂತರೆ ಮತ್ತೆ ಏಳುವುದು ಹೇಗೆಂಬ ಚಿಂತೆ. ಚಪ್ಪಲಿಯ ಪಟ್ಟಿ ಹಾಕಲು ಬಾಗಲಾಗದೆ ಒಂದು ದಿನ ಬಾಗಿಲಲ್ಲೇ ಅತ್ತಿದ್ದಳು. ಕೆಲಸ ಬಿಟ್ಟು ಊರಿಗೆ ಹೋಗುವ ಮಾತೂ ಬಂದಿತ್ತು. ಇನ್ನೊಮ್ಮೆ ಹೀಗಾದರೆ ಆಪರೇಷನ್ ಬಿಟ್ಟು ದಾರಿಯಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ತೆಂಗಿನಕಾಯಿಗಿಂತ ಭಾರದ್ದನ್ನು ಎತ್ತುವವನು ನಾನೊಬ್ಬನೇ.

ಅವಳನ್ನು ಆ ಸ್ಥಿತಿಯಿಂದ ಮೆಲ್ಲಗೆ ಮೇಲೆತ್ತಿದ್ದು ಫಿಲೋಮಿನಾ ಬಾಯಿ. ನೋವು ಪೂರ್ತಿ ಇಳಿದು, ಡಾಕ್ಟರೂ ಆಗಬಹುದು ಎಂದ ಮೇಲೆ ಅವಳನ್ನು ಈ ಯಂತ್ರದ ಮೇಲೆ ಕೂರಿಸಿದರು. ಮೊದಮೊದಲು ಹಿಡಿಯನ್ನೇ ಕೈಗೆ ಕೊಡಲಿಲ್ಲ. ಕಾಲಿಗೆ ಪಟ್ಟಿ ಹಾಕಿ, ಬರೀ ಕಾಲಿನಿಂದ ನೂಕುವುದು, ಮೆಲ್ಲಗೆ ಮರಳುವುದು, ಅಷ್ಟೇ. ಅದು ಮೈಗೆ ಕೂತ ಮೇಲೆ ಹಿಡಿ. “ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡೀಬೇಡ ಜಯಂತಿ, ಬುಟ್ಟಿಯ ಹಿಡಿಗೆ ಬೆರಳು ಸಿಕ್ಕಿಸಿದ ಹಾಗೆ ಸಾಕು” ಎನ್ನುತ್ತಿದ್ದರು. ಎಳೆಯುವಾಗ ಮೊದಲು ಕಾಲು, ಆಮೇಲೆ ಸೊಂಟದಿಂದ ತುಸುವೇ ಹಿಂದೆ ವಾಲುವುದು, ಕೊನೆಗೆ ಕೈ. ಮರಳುವಾಗ ಮೊದಲು ಕೈ, ಆಮೇಲೆ ಸೊಂಟ, ಕೈ ಮಂಡಿ ದಾಟಿದ ಮೇಲಷ್ಟೇ ಮಂಡಿ ಮಡಚುವುದು. ಬೆನ್ನು ನೆಟ್ಟಗೆ. ಭುಜ ಕಿವಿಯ ಹತ್ತಿರ ಬರಬಾರದು. ಭಾರದ ಸನ್ನೆ ನಡುವಿಗಿಂತ ಕೆಳಗೆ. ಸ್ವಲ್ಪ ಚುಚ್ಚಿದರೂ ಅಂದಿಗೆ ಅಲ್ಲಿಗೇ ನಿಲ್ಲಿಸುವುದು. ಜಯಂತಿ ಇದನ್ನು ಲಲಿತಾ ಸಹಸ್ರನಾಮ ಹೇಳುವ ಶ್ರದ್ಧೆಯಿಂದ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು: ಕಾಲು, ಸೊಂಟ, ಕೈ, ಕೈ, ಸೊಂಟ, ಕಾಲು.

ನನ್ನ ಪಾಲಿಗೆ ಅದೊಂದು ತಮಾಷೆ. “ಇದೆಂಥ ಹುಟ್ಟು ಹಾಕುದು? ಅಕ್ಕಿ ಕೇರಿದ ಹಾಗೆ” ಎಂದು ಟ್ರೆಡ್‌ಮಿಲ್ಲಿನ ಮೇಲಿಂದ ಛೇಡಿಸುತ್ತಿದ್ದೆ. ಅವಳು ಉತ್ತರ ಕೊಡುತ್ತಿರಲಿಲ್ಲ. ಎಳೆಯುವಾಗ ಮಾತಾಡಿದರೆ ಉಸಿರು ತಪ್ಪುತ್ತದಂತೆ.

ಮನೆಗೆ ಬಂದ ಮೇಲೆ ಮಂಚದ ಮೇಲೆ ಬಿಸಿನೀರಿನ ಚೀಲಕ್ಕೆ ಬೆನ್ನು ಕೊಟ್ಟು ನಾನು ಯಜಮಾನಿಕೆಯ ದನಿ ತೆಗೆದೆ. ಪಂದ್ಯ ಬೇಡ, ಡಾಕ್ಟರು ಹೇಳಿದ್ದು ಮರೆತೆಯಾ, ದಿನಾ ಮಾಡುವುದು ಬೇರೆ, ಜನ ಕೂಗುವಾಗ ಎಳೆಯುವುದು ಬೇರೆ, ಎಂದೆಲ್ಲ. ಅವಳು ಅಕ್ಕಿ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು.

“ನಿಮಗೆ ನನ್ನ ಬೆನ್ನಿನ ಹೆದರಿಕೆಯಾ? ಅಲ್ಲ ನಾನು ನಿಮಗಿಂತ ಚಂದ ಎಳೆದ್ರೆ ಎಂಬ ಹೆದರಿಕೆಯಾ?”

ಎರಡೂ ಇತ್ತು. ಎರಡರಲ್ಲಿ ಹೇಳಬಹುದಾದದ್ದನ್ನು ಮಾತ್ರ ಹೇಳಿದೆ.

“ಎರಡು ವರ್ಷ ಆಯ್ತು, ಎಲ್ಲರೂ ಸೇರಿ ನನ್ನನ್ನು ಗಾಜಿನ ಸಾಮಾನಿನ ಹಾಗೆ ಇಟ್ಟಿದ್ದೀರಿ” ಎಂದಳು ಅವಳು. ಸ್ವರ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾನು ಗುಣ ಆಗಿದ್ದೇನಾ, ಅಲ್ಲ ಜೋಪಾನ ಮಾಡಿಸಿಕೊಂಡು ಹೀಗೇ ಇರುದಾ? ಅದು ನನಗೂ ಗೊತ್ತಾಗ್ಬೇಕಲ್ಲ ಮಾರಾಯ್ರೇ.”

ಆದರೂ ಸೋಲಬಾರದೆಂದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ದೋಣಿ ನಡೆಸುವವರನ್ನು ಈ ಭೂಮಿಯ ಮೇಲೆ ಎಲ್ಲಿಯೂ ಕಂಡಿಲ್ಲ ಎಂದು ಗೊಣಗಿದೆ.

“ನೀವು ಇರುವ ಊರಿನ ಕಥೆಯೇ ನಿಮಗೆ ಗೊತ್ತಿಲ್ಲ” ಎಂದು ಅವಳು ಒಳಗೆ ಹೋದಳು.

ಅವಳು ಹೇಳಿದ್ದು ಅಲ್ ವಕ್ರಾದ ಹಳೆಯ ಕಥೆ. ಈಗ ನಾವು ಸಂಜೆ ಹೊತ್ತು ಕಡಲೆಕಾಯಿ ತಿನ್ನುತ್ತಾ ಅಡ್ಡಾಡುವ ಈ ದಡದಿಂದ ಹಿಂದಿನ ಕಾಲದಲ್ಲಿ ಮುತ್ತು ತೆಗೆಯುವ ಹಡಗುಗಳು ಹೊರಡುತ್ತಿದ್ದವು. ಮುಳುಗುವವನು ಕಾಲಿಗೆ ಕಲ್ಲಿನ ಗುಂಡು ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದನಂತೆ, ಬೇಗ ತಳ ಮುಟ್ಟಲು. ತಳ ಮುಟ್ಟಿದ ಕೂಡಲೇ ಅದನ್ನು ಕಳಚುವುದು. ಮೇಲಿನವನು ಕಲ್ಲನ್ನು ಎಳೆದುಕೊಳ್ಳುವುದು. ನನ್ನ ಅಜ್ಜ ಈ ದಡದಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳಿಗೆ ಬೇರೆಯೇ ಕಟ್ಟಳೆ ಹೇಳುತ್ತಿದ್ದರೋ ಏನೋ. ಅವರು ಕಾಲು ಬಿಡಿಯಾಗಿರಲಿ ಎಂದದ್ದು ನಮ್ಮ ಹೊಳೆಗೆ, ನಮ್ಮ ದೋಣಿಗೆ. ಮಗುಚದ ದೋಣಿಯ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಹೇಳದ್ದನ್ನು ನಾನೇ ಅವರ ಬಾಯಿಗೆ ಹಾಕಿದ್ದೆ. ಹಿರಿಯರಿಂದ ಮಾತು ಕಲಿತವರಿಗೆ ಇರುವ ಚಾಳಿ ಇದು: ಅವರು ನಿಲ್ಲಿಸಿದ ಮೇಲೂ ಅವರ ಸ್ವರದಲ್ಲಿ ನಾವೇ ಮುಂದುವರಿಸುತ್ತೇವೆ.

ಅಂತೂ ಫಿಲೋಮಿನಾ ಬಾಯಿ ಒಪ್ಪಿದರು, ನಾನು ಒಪ್ಪಿದವನ ಹಾಗೆ ಸುಮ್ಮನಾದೆ. ಅವರ ಷರತ್ತು ಒಂದೇ. ಬೆನ್ನಿನಲ್ಲಿ ಏನಾದರೂ ಚುರುಕ್ಕೆಂದರೆ ಹಿಡಿಯನ್ನು ಮೆಲ್ಲಗೆ ಅದರ ಕೊಕ್ಕೆಗೆ ಸಿಕ್ಕಿಸಿ ಎದ್ದು ಬರುವುದು. ಆ ಹೊತ್ತಿಗೆ ನಾವು ಮುಂದಿದ್ದರೂ ಸರಿ, ಹಿಂದಿದ್ದರೂ ಸರಿ.

ಮಂಗಳವಾರ ಬಂತು. ಎರಡು ಕಟ್ಟಡಗಳ ನಡುವಿನ ಅಂಗಳದಲ್ಲಿ, ಚಳಿಗಾಲದ ಹಿತವಾದ ಬಿಸಿಲಿನಲ್ಲಿ, ಎರಡು ಯಂತ್ರ ಅಕ್ಕಪಕ್ಕ. ಹನೀಫ್ ಮೊದಲು ಕೂತು ನಮ್ಮನ್ನು ಸ್ವಲ್ಪ ಮುಂದೆ ತಂದಿಟ್ಟ. ಎರಡನೆಯವನು ವಿಲ್ಫ್ರೆಡ್. ಅವನು ಹುಲಿವೇಷದವರ ಹಾಗೆ ಆರಂಭಿಸಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ಮುಖ ಕೋಕಂ ಹಣ್ಣಿನ ಬಣ್ಣಕ್ಕೆ ತಿರುಗಿ, ಎಳೆತ ನಿಧಾನವಾಗಿ, ಗಳಿಸಿದ್ದೆಲ್ಲ ಹೋಗಿ ನಾವು ತುಂಬಾ ಹಿಂದೆ ಬಿದ್ದೆವು. ಅವನು ಇಳಿಯುವುದರೊಳಗೆ ಆ ಕಡೆ ಶಾಜಿ ಕೂತು ಎಳೆಯಲು ಸುರು ಮಾಡಿಯಾಗಿತ್ತು.

ಜಯಂತಿ ಬಂದು ಕೂತಳು. ಬಲಗಾಲಿನ ಪಟ್ಟಿ ಬಿಗಿದಳು. ಎಡಗಾಲಿನದ್ದು ವಿಲ್ಫ್ರೆಡ್‌ನ ಬೂಟಿಗೆ ಸಡಿಲ ಮಾಡಿದ್ದರಿಂದ ತುಂಬಾ ದೊಡ್ಡದಾಗಿತ್ತು.

“ಅಕ್ಕಾ, ಪಟ್ಟಿ ಬಿಡಿ! ಟೈಮ್ ಹೋಗ್ತದೆ! ಯಲ್ಲಾ ಯಲ್ಲಾ!” ಹನೀಫ್ ಕುಣಿಯುತ್ತಿದ್ದ.

ಅವಳು ತಲೆ ಎತ್ತಲಿಲ್ಲ. ಪಟ್ಟಿಯನ್ನು ಎಳೆದು, ಬೆರಳು ತೂರಿಸಿ ಬಿಗಿ ನೋಡಿ, ಭಾರದ ಸನ್ನೆಯನ್ನು ವಿಲ್ಫ್ರೆಡ್ ಇಟ್ಟಲ್ಲಿಂದ ಕೆಳಗೆ ಇಳಿಸಿ, ಆಮೇಲೆ ಹಿಡಿಗೆ ಕೈ ಹಾಕಿದಳು.

ಮೊದಲ ಎಳೆತಗಳು ಆತುರವಿಲ್ಲದವು. ಜನಕ್ಕೆ ಅದು ಕಾಣಿಸಲೂ ಇಲ್ಲ. ಎಲ್ಲರೂ ಶಾಜಿಯನ್ನೇ ನೋಡುತ್ತಿದ್ದರು. ನನಗೆ ಕಂಡಿತು. ಅವಳ ತುಟಿ ಆಡುತ್ತಿತ್ತು. ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಕಾಲು ನೂಕಿದಾಗ ಚಕ್ರ ಬುಸ್ಸೆನ್ನುವುದು, ಮರಳುವಾಗ ಹೊಳೆ ಸುಮ್ಮನಿದ್ದ ಹಾಗೆ ಒಂದು ವಿರಾಮ, ಮತ್ತೆ ಬುಸ್ಸು. ಇಷ್ಟು ದಿನ ನಾನು ಅಕ್ಕಿ ಕೇರುವುದಕ್ಕೆ ಹೋಲಿಸಿದ್ದು ಇದನ್ನೇ. ನಿಜವಾದ ದೋಣಿ ಹೀಗೆಯೇ ಹೋಗುವುದು ಎಂದು ನನ್ನ ಕಿವಿಗೆ ಗೊತ್ತಾಯಿತು. ಬಾಯಿಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಪರದೆಯ ಮೇಲೆ ನಡುವಿನ ಅಂತರ ಕರಗತೊಡಗಿತು. ಮೊದಲು ಹನೀಫ್ ನೋಡಿದ, ಆಮೇಲೆ ಎಲ್ಲರೂ. ಅಂಗಳ ಎದ್ದು ನಿಂತಿತು. “ಎಳೆಯಿರಿ ಅಕ್ಕಾ! ಜೋರು! ಜೋರು!” ಶಾಜಿ ಇಡೀ ದೇಹವನ್ನು ಹಿಂದಕ್ಕೆ ಎಸೆಯುತ್ತಿದ್ದ. ಇನ್ನು ಸ್ವಲ್ಪವೇ ದೂರ. ಈಗ ಅವಳು ಕಟ್ಟಳೆ ಬಿಟ್ಟು ಬೆನ್ನಿನಿಂದ ನಾಲ್ಕು ಸಲ ಜಗ್ಗಿದರೆ ಗೆಲುವು ನಮ್ಮದು ಎಂದು ಎಲ್ಲರಿಗೂ ಕಾಣಿಸುತ್ತಿತ್ತು. ನನ್ನ ಬಾಯಲ್ಲೂ “ಜೋರು” ಎಂಬ ಶಬ್ದ ಬಂದು ನಿಂತಿತ್ತು. ಪಕ್ಕದಲ್ಲಿ ಫಿಲೋಮಿನಾ ಬಾಯಿ ನನ್ನ ಮೊಣಕೈ ಹಿಡಿದರು. ನುಂಗಿಕೊಂಡೆ.

ಜಯಂತಿ ಜಗ್ಗಲಿಲ್ಲ. ಕೊನೆಯ ಎಳೆತವೂ ಮೊದಲನೆಯದರ ಹಾಗೆಯೇ ಇತ್ತು. ಒಂದೆರಡು ಎಳೆತದಷ್ಟು ಅಂತರದಲ್ಲಿ ನಾವು ಸೋತೆವು.

ಶಾಜಿ ಹಳಿಯ ಮೇಲೆಯೇ ಮಲಗಿ ಆಕಾಶ ನೋಡುತ್ತಿದ್ದ. “ಚೇಚಿ, ಇನ್ನು ಸ್ವಲ್ಪ ಉದ್ದ ಇದ್ದಿದ್ರೆ ನಾನು ಖಲಾಸ್” ಎಂದು, ಅಕ್ಕ ಎಂಬುದೊಂದನ್ನು ತನ್ನ ಭಾಷೆಯಲ್ಲೇ ಉಳಿಸಿಕೊಂಡು, ಹಿಂದಿಯಲ್ಲಿ ಒಪ್ಪಿಕೊಂಡ. ಅಂದು ಆರು ಜನರಲ್ಲಿ ತನ್ನ ಪಾಲನ್ನು ಎಲ್ಲರಿಗಿಂತ ಬೇಗ ಮುಗಿಸಿದವಳು ಜಯಂತಿಯೇ ಎಂದು ಆಮೇಲೆ ತಿಳಿಯಿತು. ವಿಲ್ಫ್ರೆಡ್ ಮಾತ್ರ ತಲೆ ಕೊಡವುತ್ತಾ, “ಕೊನೆಗೆ ಸ್ವಲ್ಪ ಜಗ್ಗಬೇಕಿತ್ತು ಜಯಂತಿ, ಸ್ವಲ್ಪವೇ” ಎಂದ.

“ಜಗ್ಗುವವರು ನಮ್ಮಲ್ಲಿ ಇಬ್ಬರಿದ್ದಾರಲ್ಲ ವಿಲ್ಲಿ” ಎಂದಳು ಅವಳು. ಪಟ್ಟಿ ಬಿಡಿಸಿಕೊಂಡಳು. ಎದ್ದಳು. ಏಳುವಾಗ ಹಳಿಯನ್ನೂ ಹಿಡಿಯಲಿಲ್ಲ, ನಾನು ಚಾಚಿದ ಕೈಯನ್ನೂ ಹಿಡಿಯಲಿಲ್ಲ. ಬಹುಮಾನದ ಬಟ್ಟಲು ಅಂಗಳ ದಾಟಿ ಆ ಕಡೆ ಹೋಯಿತು. ನಾನು ಅದನ್ನು ನೋಡಲೇ ಇಲ್ಲ. ನನ್ನ ಕಣ್ಣು ಇದ್ದದ್ದು ಆ ಏಳುವಿಕೆಯ ಮೇಲೆ. ನಮ್ಮ ಮನೆತನದಲ್ಲಿ ಹೊಳೆ ದಾಟಿಸಿದವರು ಅನೇಕರು ಆಗಿಹೋಗಿದ್ದಾರೆ. ಆದರೆ ತನ್ನನ್ನು ತಾನೇ ಇಷ್ಟು ಜೋಪಾನವಾಗಿ ಆಚೆ ದಡಕ್ಕೆ ಮುಟ್ಟಿಸಿದವರನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಹೆಮ್ಮೆಗೆ ವಂಶಾವಳಿ ಬೇಕಾಗಿಲ್ಲ, ಮದುವೆ ಸಂಬಂಧವೂ ಸಾಕು ಎಂದು ಅಂದು ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಅವಳಿಗಿಂತ ಮೊದಲೇ ಎಚ್ಚರವಾಗಿ ಕಣ್ಣು ಮುಚ್ಚಿ ಮಲಗಿದ್ದೆ. ಬೆನ್ನು ನೋವು ಬರುವುದು ಮರುದಿನ ಎಂದು ನನಗಿಂತ ಚೆನ್ನಾಗಿ ಆಗ ಯಾರಿಗೂ ಗೊತ್ತಿರಲಿಲ್ಲ. ಅವಳು ಎದ್ದು ಕೂತಳು. ನಿಂತಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. “ಕಳ್ಳಗಣ್ಣಲ್ಲಿ ನೋಡಿದ್ದು ಸಾಕು, ಏಳಿ. ಕಾಫಿ ಆಯ್ತು” ಎಂದಳು ಅಲ್ಲಿಂದಲೇ.

ಬೇಸಿಗೆ ರಜೆಗೆ ನಾವಿಬ್ಬರೂ ಊರಿಗೆ ಹೋದೆವು. ಮಂಗಳೂರು ವಿಮಾನ ನಿಲ್ದಾಣದಲ್ಲಿ ಬೆಲ್ಟಿನ ಮೇಲೆ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಜಯಂತಿಯ ದೊಡ್ಡ ಪೆಟ್ಟಿಗೆ ಕಂಡಿತು. ನಮ್ಮ ವಿಮಾನದಲ್ಲೇ ಬಂದಿದ್ದ, ತಲೆ ನರೆತ ಒಬ್ಬರು ಮುಂದೆ ಬಂದು, “ನೀವು ಬಿಡಿ ಅಮ್ಮ, ನಾನು ತೆಗೀತೇನೆ” ಎಂದರು. ಅವಳು ಅಷ್ಟರಲ್ಲೇ ಮಂಡಿ ಮಡಚಿ, ಪೆಟ್ಟಿಗೆಯನ್ನು ಮೈಯ ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗಿಟ್ಟು ಇಳಿಸಿಯಾಗಿತ್ತು.

“ನನ್ನದು ಆಯ್ತು” ಎಂದಳು ಅವರಿಗೆ. “ಆ ನೀಲಿದು ಇವರದ್ದು. ಆಗ್ತದಾದ್ರೆ ಅದೊಂದು ಇಳಿಸಿಕೊಡಿ. ಇವರಿಗೆ ಬೆನ್ನು ಸ್ವಲ್ಪ ಸೂಕ್ಷ್ಮ.”

ಅವರು ಇಳಿಸಿಕೊಟ್ಟರು. ನಾನು ಥ್ಯಾಂಕ್ಸ್ ಹೇಳಿದೆ.